ಮಾವ ಕೊಂಡ ಕಾರುಗಳು

ನಮ್ಮ ಸೋದರಮಾವ ವರ್ಷಕ್ಕೊಂದು ಹೊಸ ಸ್ಪೋರ್ಟ್ಸ್ ಕಾರು ಕೊಳ್ಳುತ್ತಿದ್ದರು. ಹುಬ್ಬೇರಿಸಬೇಡಿ! ಅದೂ ಬೀದಿಯಲ್ಲಿ ಸಿಗುವಂಥ ಕಾರಲ್ಲ. ಇಟಲಿಯ ಒಂದೇ ಒಂದು ಕಂಪನಿಯದು. ಆ ಕಂಪನಿಯವರು ಹೊಸ ಮಾಡೆಲ್ ಬಿಟ್ಟರೆಂದರೆ ಸಾಕು, ಮಾವ ಹಳೆಯದನ್ನು ಮರೆತು ಹೊಸದಕ್ಕೆ ಮನಸೋಲುತ್ತಿದ್ದರು. ಈ ವ್ಯವಹಾರವೆಲ್ಲ ನಡೆಯುತ್ತಿದ್ದುದು ವಿಶಾಖಪಟ್ಟಣದ ಕಾರ್ಖಾನೆ ಕ್ವಾರ್ಟರ್ಸಿನ ಬಾಲ್ಕನಿಯಲ್ಲಿ, ಬೆತ್ತದ ಕುರ್ಚಿಯ ಮೇಲೆ, ಕಣ್ಣು ಮುಚ್ಚಿಕೊಂಡು. ಕಣ್ಣು ತೆರೆದ ಮೇಲೆ ಅವರು ಸೈಕಲ್ಲು ಹತ್ತಿ ಡ್ಯೂಟಿಗೆ ಹೋಗುತ್ತಿದ್ದರು.

ತೊಂಬತ್ತರ ದಶಕದ ಮೊದಲಲ್ಲಿ ಎಂ.ಎಸ್ಸಿ. ಓದಲೆಂದು ನಾನು ತುಮಕೂರಿನಿಂದ ಹೋಗಿ ಅವರ ಮನೆಯಲ್ಲಿ ಉಳಿದಿದ್ದೆ. ಮಾವನೂ ತುಮಕೂರಿನವರೇ. ಅತ್ತೆ ವಿಜಯವಾಡದವರು, ತೆಲುಗು ಮನೆಯ ಮಗಳು. ಮದುವೆಯಾದ ಮೇಲೆ ಕನ್ನಡ ಕಲಿತರು. ಕಲಿತ ಕನ್ನಡದ ತುದಿಗೆ, ನಮ್ಮ 'ರೀ' ಇದ್ದ ಹಾಗೆ, ತೆಲುಗಿನ ಒಂದೊಂದು 'ಅಂಡಿ' ಅಂಟಿಸಿ ಮಾತಾಡುತ್ತಿದ್ದರು.

ಮಾವನಿಗೆ ಈ ಹುಚ್ಚು ಹತ್ತಿದ್ದು ಹೇಗೆ ಗೊತ್ತೆ? ಮಾವ ತಮ್ಮ ಊರಿಗಿಂತ ವಿಜಯವಾಡಕ್ಕೆ ಹೆಚ್ಚು ಹೋಗುತ್ತಿದ್ದ ದಿನಗಳಲ್ಲಿ, ಅಲ್ಲಿನ ಗವರ್ನರ್‌ಪೇಟೆಯ ಹಳೇ ಪುಸ್ತಕದಂಗಡಿಯೊಂದರಲ್ಲಿ ವಿದೇಶಿ ಕಾರಿನ ಪತ್ರಿಕೆಗಳು ಕಟ್ಟುಕಟ್ಟಾಗಿ ಸಿಗುತ್ತಿದ್ದವು. ಅತ್ತೆಯ ತವರು ಅಲ್ಲಿಂದ ಎರಡು ಗಲ್ಲಿ ಆಚೆ. ಮಾವ ನೆಪ ಸಿಕ್ಕಾಗಲೆಲ್ಲ ರೈಲು ಹತ್ತುತ್ತಿದ್ದರು. "ನಮ್ಮ ಅಳಿಯಂದಿರಿಗೆ ನಾವೆಂದರೆ ಪ್ರಾಣ" ಎಂದು ಅತ್ತೆಯ ತಾಯಿ ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ಪಾಪ, ಅಳಿಯಂದಿರು ಊಟದ ಎಲೆಯ ಮುಂದೆ ಕೂತು ಗೊಂಗೂರ ಪಚಡಿ ನೆಕ್ಕುತ್ತಾ ಗಡಿಯಾರ ನೋಡುತ್ತಿದ್ದುದು ಅಂಗಡಿ ಮುಚ್ಚೀತೆಂಬ ಭಯಕ್ಕೆ!

ಪತ್ರಿಕೆ ಬಂತೆಂದರೆ ಮನೆಯಲ್ಲಿ ಮೀಟಿಂಗ್ ಶುರು.

"ನೋಡೇ, ಹೊಸ ಮಾಡೆಲ್ಲು. ಕೆಂಪು ತಗೊಳ್ಳೋಣ್ವಾ, ಹಳದೀನಾ?"

"ಕೆಂಪು ಬೇಡಂಡಿ. ಈ ಊರಿನ ಕಲ್ಲಿದ್ದಲ ಪುಡಿಗೆ ನಾಲ್ಕು ದಿನಕ್ಕೆ ಬದನೇಕಾಯಿ ಬಣ್ಣ ಆಗುತ್ತೆ. ಅದಿರಲಿ, ಇದಕ್ಕೆ ಇಂಜನ್ನು ಎಲ್ಲಿ?"

"ಹಿಂದುಗಡೆ."

"ಮತ್ತೆ ಅಕ್ಕಿ ಮೂಟೆ ಎಲ್ಲಿ ಹಾಕೋದು?"

"ಮುಂದುಗಡೆ, ಬಾನೆಟ್ ಒಳಗೆ."

ಅತ್ತೆ ಕೆನ್ನೆಗೆ ಬೆರಳಿಟ್ಟುಕೊಂಡರು. "ಹಿಂದಿರೋದು ಮುಂದೆ, ಮುಂದಿರೋದು ಹಿಂದೆ! ಕತ್ತಲೇಲಿ ರವಿಕೆ ಹಾಕ್ಕೊಂಡ ಹಾಗಿದೆ ಅಲ್ಲವಂಡಿ ನಿಮ್ಮ ಕಾರು!"

ಮಾವನಿಗೆ ಬೇಜಾರಿಲ್ಲ. ಮೂಟೆ ಹಿಡಿಸುತ್ತದೋ ಇಲ್ಲವೋ ಎಂದು ಅಳತೆಪಟ್ಟಿ ಹಿಡಿದು ಅಡುಗೆಮನೆಗೆ ನಡೆದೇಬಿಟ್ಟರು.

ಒಮ್ಮೆ ಆ ಕಂಪನಿಯವರು ಒಂದು ವಿಶೇಷ ಕಾರು ಮಾಡಿದರು. ಜಗತ್ತಿಗೆಲ್ಲ ಸೇರಿ ಕೆಲವೇ ನೂರು, ಆಮೇಲೆ ಅಚ್ಚನ್ನೇ ಒಡೆದುಬಿಡುತ್ತಾರಂತೆ. ಮಾವ ಇಡೀ ತಿಂಗಳು ಆ ಪುಟವನ್ನು ಬಿಡಿಸಿಟ್ಟುಕೊಂಡು ಕೂತರು. ಮುಂದಿನ ಪತ್ರಿಕೆ ಬಂದಾಗ ಮುಖ ಸಪ್ಪಗಾಯಿತು.

"ಪುಟ್ಟೀ," ಎಂದರು ನನಗೆ, "ಎಲ್ಲಾ ಬುಕ್ಕಾಗೋಯ್ತಂತೆ ಕಣೇ. ಇನ್ನೂ ಮಾಡೇ ಇಲ್ಲ, ಆಗ್ಲೇ ಮುಗಿದೋಯ್ತು!"

ಅಂದು ಊಟ ಬೇಡವೆಂದರು. ಬಾಲ್ಕನಿಯಲ್ಲಿ ತಲೆಗೆ ಕೈಹೊತ್ತು ಕೂತವರನ್ನು ಕಂಡು ಪಕ್ಕದ ಮನೆಯಾಕೆ ಓಡಿಬಂದು, "ಯಾರಾದರೂ ಹೋದರಾ?" ಎಂದು ಪಿಸುಗುಟ್ಟಿದರು.

"ಹೋಯಿತಮ್ಮಾ, ಇಟಲಿಯಲ್ಲಿ" ಎಂದರು ಅತ್ತೆ.

ಇಷ್ಟೆಲ್ಲ ಹುಚ್ಚಿರುವವರು ಕಾರು ಓಡಿಸುವುದನ್ನಾದರೂ ಕಲಿಯಬಾರದೆ? ಕಲಿಯಲು ಹೋಗಿದ್ದರು, ಸುಳ್ಳು ಹೇಳಬಾರದು. ಡ್ರೈವಿಂಗ್ ಸ್ಕೂಲಿನ ಕಾರು ಕೆಮ್ಮುತ್ತಾ ನಿಂತಿತ್ತು. ಮಾವ ಸೀಟಿನಲ್ಲಿ ಕೂತವರೇ ಕಲಿಸುವವನನ್ನು ಕೇಳಿದರು, "ಸೊನ್ನೆಯಿಂದ ನೂರು ಕಿಲೋಮೀಟರ್ ವೇಗಕ್ಕೆ ಎಷ್ಟು ಸೆಕೆಂಡು?"

ಆತ ಬಹಳ ಮರ್ಯಾದಸ್ಥ. ಯೋಚಿಸಿ ಹೇಳಿದ, "ಸಾಯಂಕಾಲಕ್ಕೆ ತಲುಪುತ್ತದೆ ಸಾರ್."

ಮಾವ ಇಳಿದು ಬಂದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಆದರೆ ಸಂಜೆಯ ಹೊತ್ತು ಅವರನ್ನು ನೋಡಬೇಕಿತ್ತು. ಸಮುದ್ರದ ಗಾಳಿ ಬಾಲ್ಕನಿಗೆ ನುಗ್ಗುತ್ತಿತ್ತು. ದೂರದಲ್ಲಿ ಹಡಗುಗಳ ದೀಪ ಒಂದೊಂದಾಗಿ ಹೊತ್ತಿಕೊಳ್ಳುತ್ತಿತ್ತು. ಮಾವ ಕಣ್ಣು ಮುಚ್ಚಿ ಎರಡು ಕೈಗಳನ್ನೂ ಎದೆಯ ಮುಂದೆ ಹಗುರವಾಗಿ ಎತ್ತಿಕೊಳ್ಳುತ್ತಿದ್ದರು, ಮಗುವಿನ ತಲೆ ಹಿಡಿದಂತೆ. ಆಮೇಲೆ ಗಂಟಲಿನ ಆಳದಿಂದ ಸಣ್ಣದೊಂದು ಗುನುಗು. ಅದು ಏರುತ್ತಿತ್ತು, ತಿರುವಿನಲ್ಲಿ ತಗ್ಗುತ್ತಿತ್ತು, ಮತ್ತೆ ಏರುತ್ತಿತ್ತು. ಬೀಚ್ ರೋಡು ಮುಗಿದು ಭೀಮುನಿಪಟ್ನಂ ದಾಟಿ, ರಸ್ತೆಯೇ ಇಲ್ಲದ ಕಡೆಗೂ ಹೋಗಿಬಿಡುತ್ತಿದ್ದರೇನೋ. ಆ ಹೊತ್ತಿನಲ್ಲಿ ಮಾತಾಡಿಸಬಾರದು. ಒಮ್ಮೆ ನಾನು ಪರೀಕ್ಷೆಗೆ ಓದುತ್ತಾ ಪಕ್ಕದಲ್ಲೇ ಕೂತಿದ್ದೆ. ಆ ಗುನುಗು ಕೇಳುತ್ತಾ ಕೇಳುತ್ತಾ ನನ್ನ ಪುಸ್ತಕದ ಅಕ್ಷರಗಳೂ ಹಿಂದಕ್ಕೆ ಸರಿಯತೊಡಗಿದವು, ದಾರಿಬದಿಯ ತಾಳೆಮರಗಳ ಹಾಗೆ. ಪರೀಕ್ಷೆಯಲ್ಲಿ ಏನಾಯಿತು ಎಂದು ಮಾತ್ರ ಕೇಳಬೇಡಿ.

ಆ ವರ್ಷ ಬೇಸಿಗೆಯಲ್ಲಿ ನಾವು ಮೂವರೂ ಸಿಂಹಾಚಲಂ ಬೆಟ್ಟಕ್ಕೆ ಹೋದೆವು. ದರ್ಶನ ಮುಗಿಸಿ ಬಸ್ಸಿನ ಕಡೆ ಬರುವಾಗ ಒಂದು ಕಡೆ ಜನ ಗುಂಪುಗೂಡಿದ್ದರು. ಇಣುಕಿ ನೋಡಿದೆ. ಕೆಂಪು ಕಾರು! ಅದೇ ಕಂಪನಿಯದು! ವಿಜಯವಾಡದ ಯಾರೋ ಗುತ್ತಿಗೆದಾರರ ಮಗ ಹೊರದೇಶದಿಂದ ತರಿಸಿ ಪೂಜೆಗೆ ತಂದಿದ್ದನಂತೆ. ಅದು ನೆಲಕ್ಕೆ ಎಷ್ಟು ತಗ್ಗಾಗಿತ್ತೆಂದರೆ, ಬಾನೆಟ್ಟಿಗೆ ಕುಂಕುಮ ಇಡಲು ಅರ್ಚಕರು ಪೂರ್ತಿ ಬಗ್ಗಬೇಕಾಯಿತು. ಅವರು ಅಡ್ಡಬಿದ್ದರೆಂದು ತಿಳಿದು ಹಿಂದೆ ನಿಂತಿದ್ದ ಇಬ್ಬರು ಮುದುಕಿಯರೂ ಕಾರಿಗೆ ಕೈಮುಗಿದು ಅಡ್ಡಬಿದ್ದರು!

ನಾನು ನಗುತ್ತಾ ತಿರುಗಿದರೆ ಮಾವ ಇಲ್ಲ. ತೆಂಗಿನಕಾಯಿ ಅಂಗಡಿಯ ಮರೆಯಲ್ಲಿ ನಿಂತಿದ್ದರು.

"ಬನ್ನಿ ಮಾವ, ಹತ್ತಿರದಿಂದ ನೋಡಿ."

"ಬೇಡ ಕಣೇ. ಇಲ್ಲಿಂದ್ಲೇ ಕಾಣ್ಸುತ್ತೆ."

"ಒಂದು ಸಲ ಮುಟ್ಟಿಯಾದರೂ ನೋಡಿ."

"ಬೇರೆಯವ್ರ ಸಾಮಾನು. ಹಾಗೆಲ್ಲ ಮುಟ್ಬಾರ್ದು" ಎಂದರು. ಅವರ ಕೈಗಳು ಮಾತ್ರ ಎದೆಯ ಮುಂದೆ ತಾವಾಗಿಯೇ ಎದ್ದಿದ್ದವು.

ಅತ್ತೆ ಅದನ್ನು ನೋಡಿದರು. ಪಕ್ಕದ ಮನೆಯಲ್ಲಿ ನಾಲ್ಕೆಸಳು ಕರಿಬೇವು ಕೇಳಲೂ ಹಿಂಜರಿಯುವ ಅತ್ತೆ! ಪ್ರಸಾದದ ಪೊಟ್ಟಣವನ್ನು ನನ್ನ ಕೈಗೆ ತುರುಕಿ, ಸೆರಗು ಸರಿಮಾಡಿಕೊಂಡು, ಗುಂಪನ್ನು ಸೀಳಿ ನೇರ ಆ ಹುಡುಗನ ಎದುರು ನಿಂತರು.

"ಬಾಬೂ, ಮಾ ಆಯನಕಿ ಈ ಕಾರಂಟೇ ಪ್ರಾಣಂ" ಎಂದರು. ನಮ್ಮವರಿಗೆ ಈ ಕಾರೆಂದರೆ ಜೀವ. ಒಂದೇ ಒಂದು ನಿಮಿಷ ಒಳಗೆ ಕೂರಿಸುತ್ತೀಯಾ?

ಹುಡುಗ ನಕ್ಕ. "ಕೂರುವುದೇನು ಬಿಡಿ, ಒಂದು ಸುತ್ತು ಹೋಗಿಬರೋಣ. ಎಕ್ಕಂಡಿ, ಹತ್ತಿ ಅಂಕುಲ್!"

ಮಾವ ಬಂದರು. ಬಾಗಿಲ ಬಳಿ ನಿಂತರು. ಸುತ್ತಲೂ ಒಮ್ಮೆ ನೋಡಿ, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಒಳಗೆ ಕೂತರು. ಜನ ಹೋ ಎಂದು ನಕ್ಕರು. ನಾನೂ ನಕ್ಕೆ. ಬೆಟ್ಟವೇ ಗಂಟಲು ಸರಿಮಾಡಿಕೊಂಡಂತೆ ಇಂಜಿನ್ನು ಸದ್ದು ಮಾಡಿತು. ಕೆಂಪಗೆ ಏನೋ ತಿರುವಿನಲ್ಲಿ ಮಿಂಚಿ ಮಾಯವಾಯಿತು.

ರಸ್ತೆಯ ಮೇಲೆ ಉಳಿದಿದ್ದವು ಸವೆದ ಎರಡು ಚಪ್ಪಲಿ. ಅತ್ತೆ ಅವನ್ನು ಎತ್ತಿ ಕೈಯಲ್ಲಿ ಹಿಡಿದುಕೊಂಡರು. "ಇಲ್ಲಿ ಬಿಟ್ಟರೆ ಕದೀತಾರೆ" ಎಂದು ನನಗೆ ಸಮಜಾಯಿಷಿ ಕೊಟ್ಟರು. ಆದರೆ ಅವರ ಕಣ್ಣು ತಿರುವಿನ ಮೇಲೇ ಇತ್ತು.

ಕಾರು ಹಿಂದಿರುಗಿತು. ಮಾವ ಇಳಿದರು. "ಹೇಗಿತ್ತಂಕುಲ್? ಎಷ್ಟು ಸ್ಪೀಡು ಹೋಯಿತು?" ಎಂದು ಜನ ಮುತ್ತಿಕೊಂಡರು. ಎಲ್ಲ ಅಂಕಿಅಂಶಗಳನ್ನೂ ನಾಲಿಗೆಯ ತುದಿಯಲ್ಲಿಟ್ಟುಕೊಂಡಿದ್ದ ಮನುಷ್ಯ ಈಗ ಗುಂಪನ್ನು ಪಕ್ಕಕ್ಕೆ ಸರಿಸಿದರು. ಸೀದಾ ಅತ್ತೆಯ ಬಳಿ ಬಂದರು.

"ಎರಡೇ ಸೀಟು ಕಣೇ" ಎಂದರು. "ನಿನಗೆ ಜಾಗ ಇರ್ಲಿಲ್ಲ."

ಆಮೇಲೆ, ಅಷ್ಟು ಜನರ ನಡುವೆ, ಅತ್ತೆಯ ಕೈ ಹಿಡಿದುಕೊಂಡು ಬಸ್ಸಿನ ಕಡೆ ಹೊರಟರು. ಚಪ್ಪಲಿ ಹಾಕಿಕೊಳ್ಳಬೇಕೆಂಬುದು ಅವರಿಗೂ ನೆನಪಾಗಲಿಲ್ಲ, ಕೊಡಬೇಕೆಂಬುದು ಅತ್ತೆಗೂ ನೆನಪಾಗಲಿಲ್ಲ. ಕಾದ ಕಲ್ಲಿನ ಮೇಲೆ ಅವರು ಬರಿಗಾಲಲ್ಲಿ ಸರಸರ ನಡೆಯುತ್ತಿದ್ದರು.

"ಮೆಲ್ಲಗೆ ನಡೀರಂಡಿ" ಎಂದರು ಅತ್ತೆ.

ಮಾವ ಮೆಲ್ಲಗೆ ನಡೆದರು.