ಸೀತೆಗೆ ಕಾಡು ತೋರಿಸಿದ್ದು

ನನ್ನ ಹೆಂಡತಿ ಸೀತೆಗೆ ಒಂದು ದಿನದ ರಜೆ ಕೊಟ್ಟೇ ತೀರುತ್ತೇನೆಂದು ಎರಡು ಸಾವಿರದ ಮೂರನೆಯ ಇಸವಿಯ ಫೆಬ್ರವರಿಯಲ್ಲಿ ನಾನು ಘೋಷಿಸಿದೆ. ಮದುವೆಯಾಗಿ ಹನ್ನೊಂದು ವರ್ಷ. ಅಷ್ಟರಲ್ಲಿ ನಾನು ಅವಳಿಗೆ ತೋರಿಸಿದ ಪ್ರಪಂಚವೆಂದರೆ ಎರಡು ಸಲ ಇಡಗುಂಜಿ, ಒಂದು ಸಲ ಕುಮಟೆಯ ಹಲ್ಲಿನ ಡಾಕ್ಟರು! ಹೊನ್ನಾವರದ ಕಚೇರಿಯಲ್ಲಿ ಗುಮಾಸ್ತನಾದ ನನಗೆ ವಾರಕ್ಕೊಂದು ಭಾನುವಾರವಾದರೂ ಇದೆ. ಅವಳಿಗೆ ಒಲೆ, ಕೊಟ್ಟಿಗೆ, ಮತ್ತೆ ಒಲೆ.

“ಒಂದು ದಿನ ಅಡುಗೆ ಇಲ್ಲ, ಸಗಣಿ ಇಲ್ಲ. ಕಾಡಿನ ನೆರಳಲ್ಲಿ ಹಾಯಾಗಿ ನಡೆಯೂದು. ಇದಕ್ಕೆ ಚಾರಣ ಅಂತಾರೆ!” ಎಂದೆ.

“ಹೌದಾ? ಒಲೆ ಹಚ್ಚೂದೇ ಬ್ಯಾಡ್ವಾ?”

“ನೀನು ಬೆಂಕಿಪೊಟ್ಟಣ ಮುಟ್ಟೂಕಿಲ್ಲ!”

ಸೀತೆ ನಕ್ಕಳು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ! ನನ್ನ ಎದೆ ಉಬ್ಬಿತು.

ಕೂಡಲೇ ಚಾರಣ ಸಮಿತಿ ರಚನೆಯಾಯಿತು. ಕಚೇರಿಯ ಮೆಟ್ಟಿಲಿಗಿಂತ ಎತ್ತರದ್ದು ಯಾವುದನ್ನೂ ಹತ್ತದ ನನ್ನ ಸಹೋದ್ಯೋಗಿ ದಿನಕರ ಮುಖ್ಯ ಮಾರ್ಗದರ್ಶಿಯಾದ. ಮೂರು ಭಾನುವಾರ ನಮ್ಮ ಮನೆಯ ಜಗಲಿಯಲ್ಲಿ ಸಭೆ. ಯಾರನ್ನೋ ಕೇಳಿಕೊಂಡು ಬಂದ ದಿನಕರ ಭಾರೀ ಗಂಭೀರವಾಗಿ ನಕ್ಷೆ ಬರೆದ. ನಮ್ಮೂರು ಹಳದೀಪುರದಲ್ಲಿ ಬಸ್ಸು ಹತ್ತುವುದು, ಐದು ಸ್ಟಾಪು ಆಚೆ ಇಳಿಯುವುದು, ಕಾಡು ಹೊಕ್ಕು ಮೂರು ಗಂಟೆ ನೆರಳಲ್ಲೇ ನಡೆದು ಗುಡ್ಡದ ಇನ್ನೊಂದು ಬದಿಗೆ ಇಳಿಯುವುದು. ದಾರಿಯ ಕೊನೆಯಲ್ಲಿ ಒಂದು ತೆಂಗಿನಮರ ಬರೆದಿದ್ದ.

“ಇಲ್ಲಿ ಎಂತ ಇದೆ?” ಎಂದು ಕೇಳಿದೆ.

“ಎಂತದೋ ಒಂದು ಊರು ಮಾರಾಯ.”

ನಾನು ನಕ್ಷೆಯ ತಲೆಗೆ ದುಂಡಗಿನ ಅಕ್ಷರದಲ್ಲಿ ಬರೆದೆ: ‘ಸುಲಭ ದಾರಿ. ಹೆಂಗಸರಿಗೂ ಆದೀತು.’

ಚಾ ತಂದ ಸೀತೆ ನಕ್ಷೆಗೆ ಬಗ್ಗಿ, “ಇದು ನಮ್ಮ…” ಎಂದು ಶುರು ಮಾಡಿದಳು.

“ನೀನು ತಲೆ ಕೆಡಿಸ್ಕಳಬೇಡ. ನಿಂಗೆ ರಜೆ!” ಎಂದೆ. ಮೂರು ಭಾನುವಾರವೂ ಅವಳು ಶುರು ಮಾಡಿದಳು, ಮೂರು ಭಾನುವಾರವೂ ನಾನು ರಜೆ ದಯಪಾಲಿಸಿದೆ.

ಇಲ್ಲೊಂದು ಮಾತು ಹೇಳಬೇಕು. ನಾನು ಭಟ್ಕಳ ಪೇಟೆಯಲ್ಲಿ ಬೆಳೆದವನು. ಹಳದೀಪುರದ ಈ ಮನೆ, ಆಕಳು ಎಲ್ಲ ಸೀತೆಯ ತವರಿನದು. ಮನೆಯ ಹಿಂದಿನ ಗುಡ್ಡ ನನಗೆ ಕಿಟಕಿಯಲ್ಲಿ ಕಾಣುವ ಗುಡ್ಡ, ಅಷ್ಟೆ.

ಕಚೇರಿಯವರೆಲ್ಲ ಸೇರಿಕೊಂಡು ಇಬ್ಬರ ಚಾರಣ ಒಂಬತ್ತು ಜನರದಾಯಿತು. “ಕಾಡಲ್ಲಿ ಹೋಟೆಲ್ ಎಲ್ಲಿ? ಸೀತಕ್ಕನ ಕೈ ಚಿತ್ರಾನ್ನ ಇದ್ರೆ ಸಾಕು,” ಎಂದ ದಿನಕರ. “ಆತು,” ಎಂದೆ. ಚಿತ್ರಾನ್ನದ ಹಿಂದೆ ಚಪಾತಿ, ಚಪಾತಿಯ ಹಿಂದೆ ಶಂಕರಪೋಳೆ. ಎಲ್ಲದಕ್ಕೂ ಆತು ಎಂದವನು ನಾನೇ! ಚಾರಣದ ದಿನ ಸೀತೆ ಹಾಲು ಕರೆದು, ಒಂಬತ್ತು ಜನರ ಬುತ್ತಿ ಕಟ್ಟಿ, ಎರಡು ಚೀಲ ಹಿಡಿದು ಏಳರ ಬಸ್ಸು ಹತ್ತಿದಳು. ನಾನು ನಕ್ಷೆ ಹೊತ್ತಿದ್ದೆ.

ಕಾಡಿನ ದಾರಿ ಮಾತ್ರ ಬಲು ಚಂದ. ಮರಗಳ ನೆರಳು ತಣ್ಣಗೆ ಬಿದ್ದಿತ್ತು.

“ನೋಡು ಸೀತೆ, ಎಷ್ಟು ಸ್ವಚ್ಛ! ಒಂದು ಒಣ ಎಲೆ ಇಲ್ಲ. ಇಲಾಖೆಯವರು ಗುಡಿಸಿ ಇಟ್ಟಿದ್ದಾರೆ!”

ಸೀತೆ ಎರಡೂ ಚೀಲ ಸರಿಯಾಗಿ ಹಿಡಿದುಕೊಂಡು ಮುಂದೆ ನಡೆದಳು.

ಎರಡು ಗಂಟೆ ನಡೆಯುವಷ್ಟರಲ್ಲಿ ಭಟ್ಕಳದಿಂದ ತಂದ ಹೊಸ ಬೂಟು ನನ್ನ ಎರಡೂ ಹಿಮ್ಮಡಿ ಕಚ್ಚಿತು. ದಾರಿಯ ಪಕ್ಕ ಸೊಂಟದೆತ್ತರದ ಚಪ್ಪಟೆ ಕಲ್ಲೊಂದು ಕಂಡಿತು. “ಯಾರೋ ಪುಣ್ಯಾತ್ಮರು ನಮ್ಮಂಥವರಿಗಾಗಿ ಇಟ್ಟಿದ್ದು!” ಎಂದು ಹತ್ತಿ ಕೂತೆ.

ಆಗ ತಲೆಯ ಮೇಲೆ ಒಣ ಎಲೆಯ ದೊಡ್ಡ ಹೆಡಗೆ ಹೊತ್ತು ಪಕ್ಕದ ಮನೆಯ ಮಾದೇವಿ ಬಂದಳು.

“ಏ ಸೀತಕ್ಕ, ಇವತ್ತು ಖಾಲಿ ತಲೇಲಿ ಬಂದ್ಯೆ?” ಎಂದಳು. ಆಮೇಲೆ ನನಗೆ, “ಭಾವ, ಚೂರು ಏಳಿ. ಅದು ನಾವು ಹೊರೆ ಇಳಿಸೂ ಕಲ್ಲು.”

ಎದ್ದೆ. ಕೊಟ್ಟಿಗೆಯಲ್ಲಿ ಆಕಳ ಕಾಲಡಿ ಹಾಸುವ ದರಕು, ಅಂದರೆ ಈ ಒಣ ಎಲೆ, ಎಲ್ಲಿಂದ ಬರುತ್ತದೆಂದು ಹನ್ನೊಂದು ವರ್ಷ ನಾನು ಯೋಚಿಸಿರಲಿಲ್ಲ. ಗಾಳಿಗೆ ಹಾರಿ ಬಂದು ಬೀಳುತ್ತದೆಂದು ತಿಳಿದಿದ್ದೆನೋ ಏನೋ! ಬೇಸಿಗೆಯುದ್ದಕ್ಕೂ, ನನ್ನ ಎಂಟರ ಬಸ್ಸು ಹೋದ ಮೇಲೆ ಸೀತೆ ಗುಡ್ಡ ಹತ್ತುತ್ತಿದ್ದಳು. ನಾನು ಹೊಗಳಿದ ಇಲಾಖೆ ಇವರಿಬ್ಬರೇ.

“ಮೊದಲೇ ಹೇಳೂದಲ್ವಾ?” ಎಂದು ಸೀತೆಯನ್ನು ಕೇಳಿದೆ.

“ಮೂರು ಸಲ ಬಾಯಿ ತೆಗೆದೆ. ರಜೆ ಅಂದ್ರಿ.”

“ಮತ್ತೆ ಬಂದದ್ದು ಎಂತಕ್ಕೆ?”

“ಬಸ್ಸಲ್ಲಾದ್ರೂ ಕೂತ್ಕಂಡು ಹೋಗುವಾ ಅಂತ.”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ನಾಚಿಕೆಯಾಯಿತು.

ದಾರಿ ಇಳಿಯಿತು. ತೆಂಗಿನಮರ ಬಂತು. ಅದರ ಕೆಳಗೆ ನಮ್ಮದೇ ಕೊಟ್ಟಿಗೆ! ದಿನಕರನ ‘ಎಂತದೋ ಒಂದು ಊರು’ ನನ್ನ ಹಿತ್ತಲಾಗಿತ್ತು. ಸೀತೆಯನ್ನು ಕಂಡು ಆಕಳು ಅಂಬಾ ಎಂದಿತು. ಚಾರಣಿಗರೆಲ್ಲ ನಮ್ಮ ಜಗಲಿಯಲ್ಲಿ ಕಾಲು ಚಾಚಿದರು.

“ಕಾಲು ಹೋತು ಸೀತಕ್ಕ! ಒಂದೊಂದು ಚಾ ಆದ್ರೆ…” ಎಂದ ದಿನಕರ.

ಸೀತೆ ಚೀಲ ಇಳಿಸಿ ಒಳಗೆ ಹೋದಳು. ಬೆಂಕಿಕಡ್ಡಿ ಗೀರಿದ ಸದ್ದು ನನಗೆ ಜಗಲಿಯವರೆಗೂ ಕೇಳಿಸಿತು.

ಮರುದಿನ ನಾನು ಕಾಲುನೋವೆಂದು ರಜೆ ಹಾಕಿದೆ! ಹಿಮ್ಮಡಿಗೆ ತೆಂಗಿನೆಣ್ಣೆ ಸವರಿಕೊಂಡು ಮಲಗಿದ್ದಾಗ ಸೀತೆ ಹೆಡಗೆ ಹಿಡಿದು ಹೊರಬಂದಳು. ನೆಲಕ್ಕೆ ಬಿದ್ದ ನಕ್ಷೆಯನ್ನು ಎತ್ತಿ, ನನ್ನ ದುಂಡಗಿನ ಅಕ್ಷರ ಓದಿದಳು.

“ಸರಿಯಾಗೇ ಬರೆದಿದ್ರಿ,” ಎಂದು ಅದನ್ನು ನನ್ನ ದಿಂಬಿನ ಪಕ್ಕ ಇಟ್ಟಳು. “ತಲೆ ಮೇಲೆ ಎಂತದೂ ಇಲ್ದಿದ್ರೆ ಸುಲಭವೇ.”