ರಿಬ್ಬನ್ ಮಾರದ ಮಾವ

ನಮ್ಮ ಸೋದರಮಾವ ಹುಣಸೂರಿನಲ್ಲಿ ಅಂಗಡಿ ಇಟ್ಟದ್ದು ಸಾಮಾನು ಮಾರುವುದಕ್ಕಲ್ಲ, ಗಿರಾಕಿಗಳ ಕೈಯಿಂದ ಸಾಮಾನನ್ನು ಕಾಪಾಡುವುದಕ್ಕೆ! ನಂಬುವುದಿಲ್ಲವೇ? ನಾನೂ ನಂಬಿರಲಿಲ್ಲ. ಪಿಯುಸಿಯಲ್ಲಿ ಮೊದಲು ಇಂಗ್ಲಿಷು ಕೈಕೊಟ್ಟಿತು, ಅದರ ಬೆನ್ನಿಗೇ ಲೆಕ್ಕ ಕೈಕೊಟ್ಟಿತು. ಇನ್ನು ಕೈಕೊಡಲು ಯಾವ ಸಬ್ಜೆಕ್ಟೂ ಉಳಿದಿಲ್ಲ ಎನ್ನುವಾಗ ಅಮ್ಮ ನನ್ನನ್ನು ಹನಗೋಡಿನಲ್ಲಿ ಬಸ್ಸು ಹತ್ತಿಸಿ, ತನ್ನ ತಮ್ಮನ ಅಂಗಡಿಗೆ ಸಾಗಹಾಕಿದಳು.

ನಮ್ಮ ಕಡೆಯ ಆಫೀಸುಗಳಿಗೆ ಕಂಪ್ಯೂಟರು ಆಗಷ್ಟೇ ಕಾಲಿಡುತ್ತಿದ್ದ ಕಾಲ ಅದು. ಅದಿರುವ ಕೋಣೆಗೆ ಹೋಗುವವರು ಚಪ್ಪಲಿ ಹೊರಗೆ ಬಿಡುತ್ತಿದ್ದರು. ಮನೆಯ ದೇವರಿಗೂ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ! ಆದರೆ ಅದರ ಪಕ್ಕದಲ್ಲೇ ಕೂತು ಕರ್ರ್ ಕರ್ರ್ ಎಂದು ಅರಚಿಕೊಂಡು ಅಚ್ಚು ಹಾಕುವ ಪ್ರಿಂಟರನ್ನು ಕೇಳುವವರಿಲ್ಲ. ಟೀ ಲೋಟ ಅದರ ಮೇಲೆ, ಊಟದ ಡಬ್ಬಿ ಅದರ ಮೇಲೆ, ಒದ್ದೆ ಛತ್ರಿಯೂ ಅದರ ಮೇಲೆ. ಈ ದಿಕ್ಕಿಲ್ಲದ ಪ್ರಾಣಿಗೆ ಬೇಕಾದ ರಿಬ್ಬನ್ನು, ಕಾಗದ, ರಿಪೇರಿ ಎಲ್ಲಕ್ಕೂ ಸುತ್ತಿನ ನಾಲ್ಕು ತಾಲ್ಲೂಕಿಗೆ ನಮ್ಮ ಮಾವ ಒಬ್ಬರೇ. ಅದಕ್ಕೆ ಮುಂಚೆ ಅವರು ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದರು. ಮದುವೆಯಾಗಲಿಲ್ಲ. ಹೆಣ್ಣು ನೋಡಲು ಹೋದ ಮನೆಯಲ್ಲಿ ಕಿರುಗುಟ್ಟುತ್ತಿದ್ದ ಹೊಲಿಗೆ ಮಿಷನ್ನು ಕಂಡು, ಅದಕ್ಕೆ ಎಣ್ಣೆ ಬಿಟ್ಟು, ಸರಿಹೋದ ಖುಷಿಯಲ್ಲಿ ಹುಡುಗಿಯ ಮುಖ ನೋಡದೆ ಎದ್ದು ಬಂದರಂತೆ!

ನಾನು ಅಂಗಡಿಗೆ ಸೇರಿದ ದಿನವೇ ಒಬ್ಬ ಗುಮಾಸ್ತರು ಬಂದು ಹೊಸ ರಿಬ್ಬನ್ ಕೇಳಿದರು. ಜೇಬಿನಿಂದ ನೋಟು ತೆಗೆದು ಕೈಯಲ್ಲಿ ಹಿಡಿದೇ ಇದ್ದರು. ನನ್ನ ಮೊದಲ ವ್ಯಾಪಾರ! ನಾನು ಕಪಾಟಿಗೆ ಹಾರಿದೆ.

"ತಡೀಲಾ" ಅಂದರು ಮಾವ. "ಸಾರ್, ಅಳೇದು ತಂದಿದ್ದೀರಾ?"

"ಅದ್ಯಾಕ್ರೀ?"

"ಸತ್ತದೋ, ಜೀವ ಅದೋ ನೋಡ್ಬೇಕಲ್ಲ."

ಗುಮಾಸ್ತರು ಗೊಣಗುತ್ತಾ ಹೋಗಿ ಹಳೆಯದನ್ನು ತಂದರು. ಮಾವ ಅದರ ಮುಚ್ಚಳ ಬಿಚ್ಚಿ, ಕರುಳಿನಂತೆ ಸುತ್ತಿಕೊಂಡಿದ್ದ ಕಪ್ಪು ಪಟ್ಟಿಗೆ ಶಾಯಿ ಕುಡಿಸಿ, ಮತ್ತೆ ಮುಚ್ಚಿ ಅವರ ಕೈಗಿಟ್ಟರು. "ಇದ್ರಲ್ಲಿ ಇನ್ನೂ ಜೀವ ಅದೆ. ತಗಂಡೋಗಿ."

"ರೀ, ದುಡ್ಡು ಕೊಡ್ತೀನಿ ಕಣ್ರೀ, ಹೊಸದು ಕೊಡ್ರೀ!"

"ದುಡ್ಡದೆ ಅಂತ ಗಟ್ಟಿ ಅಲ್ಲು ಕೀಳಿಸ್ಕತೀರಾ?"

ಅವರು ಹೋದರು. ಇನ್ನೆಂದೂ ಬರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. "ಮಾವ, ನೀವು ಅಂಗಡಿ ಇಟ್ಟಿದ್ದೀರೋ ಆಸ್ಪತ್ರೆ ಇಟ್ಟಿದ್ದೀರೋ?"

"ಲೇ, ಆಸ್ಪತ್ರೇಲಿ ಫೀಸ್ ಇಸ್ಕತಾರೆ ಕಣ್ಲಾ. ನಾನು ಅದ್ನೂ ಇಸ್ಕಳಲಿಲ್ಲ!" ಎಂದು ಎದೆ ಉಬ್ಬಿಸಿದರು.

ಹೀಗಿದ್ದರೆ ಅಂಗಡಿ ಉಳಿಯುವುದುಂಟೇ? ಅಪ್ಪ ಹನಗೋಡಿನಿಂದ ಬಂದು ಖಾಲಿ ಅಂಗಡಿಯನ್ನೂ ನನ್ನನ್ನೂ ನೋಡಿ ಒಂದೇ ಮಾತು ಹೇಳಿದರು: "ದೀಪಾವಳಿ ಗಂಟ ನೋಡ್ತೀನಿ. ಇದು ನೆಟ್ಟಗಾಗ್ನಿಲ್ಲ ಅಂದ್ರೆ ಬಂದು ಬ್ಯಾರನ್ನಿಗೆ ಸೌದೆ ಆಕು." ಬ್ಯಾರನ್ ಎಂದರೆ ಹೊಗೆಸೊಪ್ಪಿನ ಎಲೆಯನ್ನು ಕಡ್ಡಿಗೆ ಕಟ್ಟಿ, ನೇತುಹಾಕಿ, ಕೆಳಗಿನಿಂದ ಶಾಖ ಕೊಟ್ಟು ಹದ ಮಾಡುವ ಮನೆ. ಅದರ ಒಲೆಯ ಮುಂದೆ ಹಗಲೂ ರಾತ್ರಿ ಕೂತು ಬೆಂಕಿ ಕಾಯಬೇಕು. ನನಗೋ ಬೀಡಿ ಹಚ್ಚಿದರೂ ಕಣ್ಣಲ್ಲಿ ನೀರು!

ಅಷ್ಟರಲ್ಲಿ ಭಾಗ್ಯದ ಬಾಗಿಲು ತೆರೆಯಿತು. ಬೀಜ ಗೊಬ್ಬರ ಮಾರುವ ಒಂದು ಕಂಪನಿಗೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಾಲ್ಕು ಕಡೆಯೂ ಆಫೀಸು. ಅದರ ಏರಿಯಾ ಮ್ಯಾನೇಜರು ಮೈಸೂರಿನಿಂದ ಜೀಪಿನಲ್ಲಿ ಬಂದು, "ನಮ್ಮ ಎಲ್ಲಾ ಪ್ರಿಂಟರುಗಳನ್ನ ದೀಪಾವಳಿವರೆಗೆ ನೋಡಿಕೊಳ್ಳಿ. ಚೆನ್ನಾಗಿ ನಡೆದರೆ ವರ್ಷದ ಕರಾರು ನಿಮಗೇ. ಇಲ್ಲದಿದ್ದರೆ ಮೈಸೂರಿನ ಪಾರ್ಟಿಯವರು ಕಾಯ್ತಿದ್ದಾರೆ" ಅಂದರು. ಕರಾರು ಸಿಕ್ಕಿದರೆ ಅಂಗಡಿ ಉಳಿಯಿತು. ತಪ್ಪಿದರೆ ಶಟರ್ ಎಳೆದು ನಾನು ಬೆಂಕಿಯ ಮುಂದೆ, ಮಾವ ಎಲ್ಲಿಯೋ! ಆ ದಿನದಿಂದ ನಾನು ಮಲಗಿದರೂ ಕರಾರು, ಎದ್ದರೂ ಕರಾರು. ಅದನ್ನು ಹಾಳು ಮಾಡುವವರಿದ್ದರೆ ಅದು ಮಾವ ಒಬ್ಬರೇ ಎಂದು ಗಟ್ಟಿಯಾಗಿ ನಂಬಿದ್ದೆ. ನನ್ನನ್ನು ನಾನು ಎಷ್ಟು ಕಡಿಮೆ ಅಂದಾಜು ಮಾಡಿದ್ದೆ ನೋಡಿ!

ಮಳೆಗಾಲದಲ್ಲಿ ಕೋಟೆ ಆಫೀಸಿಗೆ ಕಾಗದ ಬೇಕೆಂದು ಫೋನು ಬಂತು. ಅಂಚಿನುದ್ದಕ್ಕೂ ತೂತುಗಳಿರುವ, ಮಡಿಕೆ ಮಡಿಕೆಯಾಗಿ ಬರುವ ಕಾಗದ. ಪೆಟ್ಟಿಗೆಗಳನ್ನು ಬಸ್ಸಿನ ಮೇಲೆ ಏರಿಸಿದೆ. ಕಂಡಕ್ಟರು, "ಟಾರ್ಪಾಲು ಒದಿಸ್ಲಾ?" ಎಂದು ಕೇಳಿದ. ನಾನು ಆಕಾಶ ನೋಡಿ ಜ್ಯೋತಿಷಿಯ ಗತ್ತಿನಲ್ಲಿ, "ಮಳೆ ಬರಾಕಿಲ್ಲ ಬುಡಿ" ಅಂದೆ. ಆ ಮಾತಿಗಾಗಿಯೇ ಕಾಯುತ್ತಿದ್ದಂತೆ ಮಳೆ ಬಂತು! ಕೋಟೆಯಲ್ಲಿ ಇಳಿಸಿಕೊಂಡಾಗ ಅದು ಕಾಗದವಲ್ಲ, ಅಂಬಲಿ.

ಮಾವನಿಗೆ ತೋರಿಸುವ ಧೈರ್ಯವಿಲ್ಲ. ಬಂದ ಬಸ್ಸಿನಲ್ಲೇ ಹಿಂದಿರುಗಿ, ಹುಣಸೂರಿನಲ್ಲಿ ತಲೆ ಮರೆಸಿಕೊಂಡು ಬಸ್ಸು ಬದಲಿಸಿ, ಸೀದಾ ಹನಗೋಡಿಗೆ ಹೊತ್ತೊಯ್ದೆ. ಅಪ್ಪನ ಬ್ಯಾರನ್ನಿನಲ್ಲಿ ಎಲೆ ಬೇಯುತ್ತಿತ್ತು. ಎಲೆ ಒಣಗುವ ಜಾಗದಲ್ಲಿ ಕಾಗದ ಒಣಗುವುದಿಲ್ಲವೇ? ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡು, ಕಾಗದವನ್ನು ಕಡ್ಡಿಗಳ ಮೇಲೆ ಇಳಿಬಿಟ್ಟು ಬಾಗಿಲು ಹಾಕಿದೆ. ಹೊರಗೆ ತೆಗೆದಾಗ ಕಾಗದ ಚೆನ್ನಾಗಿಯೇ ಒಣಗಿತ್ತು. ಹಪ್ಪಳದ ಹಾಗೆ ಸುರುಳಿ ಸುತ್ತಿತ್ತು, ಬಂಗಾರದ ಬಣ್ಣ ಬಂದಿತ್ತು, ಅಷ್ಟೇ. ಇಟ್ಟಿಗೆ ಹೇರಿ ಸಪಾಟು ಮಾಡಿ ಕೋಟೆಗೆ ತಲುಪಿಸಿದೆ.

ಅಲ್ಲಿನ ಗುಮಾಸ್ತರು ಅದರ ಮೇಲೆ ಬಿಲ್ಲು ಹಾಕಿದರು. ಪ್ರಿಂಟರು ಬಿಸಿಯಾದಂತೆಲ್ಲ ಕೋಣೆಯ ತುಂಬ ಹೊಗೆಸೊಪ್ಪಿನ ಘಾಟು. ಸರಗೂರು ಕಡೆಯ ರೈತರೊಬ್ಬರು ಗೊಬ್ಬರದ ಬಿಲ್ಲನ್ನು ಕೈಗೆ ತೆಗೆದುಕೊಂಡು, ಮೂಗಿಗೆ ಹಿಡಿದು, ಅಂಚು ಮುರಿದು ನೋಡಿ ಕೇಳಿದರು: "ಎಲೆ ಚೆಂದಾಗಿ ಬೆಂದದೆ ಸಾಮಿ. ಯಾವೂರದು?"

"ಬಿಲ್ಲು ಕಣಯ್ಯ ಅದು... ಆಕ್ಷೀ!" ಅಂದರು ಗುಮಾಸ್ತರು.

ಸುದ್ದಿ ನನಗಿಂತ ಮೊದಲೇ ಹುಣಸೂರು ಸೇರಿತ್ತು. ಮಾವ ಒಂದು ಹಾಳೆಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದರು. ನಾನು ಏಟಿಗೆ ಬೆನ್ನು ಸಿದ್ಧ ಮಾಡಿಕೊಂಡೆ.

"ನಿಂಗೆ ಬುದ್ಧಿ ಅದೇನ್ಲಾ? ಎಲೆ ಬೇಯೋ ಶಾಖಕ್ಕೆ ಕಾಗ್ದ ಇಡ್ತಾರಾ? ಬೆಂಕಿ ಆರಿದ್ ಮ್ಯಾಲೆ, ಬಾಗ್ಲು ತಗ್ದು, ಅಂತರ ಬುಟ್ಟು ನೇತಾಕ್ಬೇಕು!"

ಇದು ಬೈಗುಳವೇ? ನೀವೇ ಹೇಳಿ! ಕರಾರು ಗಾಳಿಗೆ ಹಾರುತ್ತಿದೆ, ಈ ಮನುಷ್ಯ ನನಗೆ ಕಾಗದ ಬೇಯಿಸುವ ಪಾಠ ಹೇಳುತ್ತಿದ್ದಾರೆ! ಮ್ಯಾನೇಜರಿಗೆ ಮೊದಲ ದೂರು ಹೋಯಿತು.

ಆಮೇಲೆ ಆಯುಧಪೂಜೆ ಬಂತು. ಅದು ಪ್ರಿಂಟರುಗಳ ಪಾಲಿನ ಗಂಡಾಂತರ ಎಂದು ಮಾವನ ವಾದ. ಭಕ್ತಿಯಿಂದ ಎರಚಿದ ಕುಂಕುಮ ಒಳಗೆ ಹೋಗುತ್ತದೆ, ಅಕ್ಷತೆ ಹಲ್ಲುಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ, ಹಬ್ಬದ ಮಾರನೆಯ ದಿನ ಯಂತ್ರ ಮಲಗುತ್ತದೆ. ಅದಕ್ಕೇ ಪ್ರತಿವರ್ಷ ಹಬ್ಬದ ಮುಂಚೆ ಮಾವ ತಮ್ಮ ಹಳೇ ಪಂಚೆಗಳ ಗಂಟನ್ನು ಸ್ಕೂಟರಿಗೆ ಕಟ್ಟಿಕೊಂಡು ಊರೂರು ತಿರುಗಿ ಪ್ರಿಂಟರುಗಳಿಗೆ ಮುಸುಕು ಹಾಕಿ ಬರುತ್ತಿದ್ದರು. ಮನೆಯಲ್ಲಿ ಉಡಲು ಪಂಚೆ ಇರಲಿಲ್ಲ, ನಾಲ್ಕು ತಾಲ್ಲೂಕಿನ ಪ್ರಿಂಟರುಗಳು ಉಟ್ಟುಕೊಂಡಿದ್ದವು!

ಕೆ.ಆರ್. ನಗರದ ಆಫೀಸಿನಲ್ಲಿದ್ದ ಮೇಡಮ್ಮು ಅರಿಶಿನ ಕುಂಕುಮದ ತಟ್ಟೆ ಹಿಡಿದು ಅಡ್ಡ ನಿಂತರು. "ದೇವರ ಕೆಲಸಕ್ಕೆ ಅಡ್ಡ ಬತ್ತೀರಲ್ಲ, ನಿಮಗೆ ಒಳ್ಳೇದಾಗ್ತದಾ?"

"ಪೂಜೆ ಬ್ಯಾಡ ಅನ್ನಾಕಿಲ್ಲ ಕಣವ್ವ. ಪಂಚೆ ಮ್ಯಾಲೆ ಮಾಡಿ. ನಿಮ್ಗೆ ಒಳ್ಳೇದಾಗ್ಲಿ ಅಂತ ಯಾರಾದ್ರೂ ನಿಮ್ ಕಿವಿ ಒಳೀಕೆ ಅಕ್ಕಿ ಸುರುದ್ರೆ ಸುಮ್ಕಿರ್ತೀರಾ?"

ಮೇಡಮ್ಮಿನ ಕಣ್ಣು ಕೆಂಪಾಯಿತು. ಜಗಳ ಬಿಡಿಸಲು ನಾನು ಮುಂದಾದೆ. "ನೋಡಿ ಮೇಡಂ, ಮುಸುಕು ಹಾಕಿದ್ರೂ ಮಿಷನ್ನು ಆರಾಮಾಗಿದೆ" ಎಂದು ತೋರಿಸಲು ಪ್ರಿಂಟ್ ಒತ್ತಿದೆ. ಪಂಚೆಯ ತುದಿ ಕಾಗದದ ಜೊತೆಯಲ್ಲೇ ಒಳಗೆ ಸರಿಯಿತು. ನಾವು ಮೂವರೂ ಹಿಡಿದು ಎಳೆಯುವಷ್ಟರಲ್ಲಿ ಪಂಚೆಯ ಅಂಚಿನ ಮೇಲೆ ಇಂಗ್ಲಿಷಿನಲ್ಲಿ ಯೂರಿಯಾ, ಪೊಟ್ಯಾಷು, ಉಳಿದ ಮೂಟೆಗಳ ವಿವರವೆಲ್ಲ ಮುದ್ದಾಗಿ ಅಚ್ಚಾಗಿತ್ತು! ಮೇಡಮ್ಮು ಆ ನಿಮಿಷವೇ ಮೈಸೂರಿಗೆ ಫೋನು ಮಾಡಿದರು. ಎರಡನೇ ದೂರು.

ಮಾವ ಏನು ಮಾಡಿದರು ಗೊತ್ತೇ? ಅದೇ ಪಂಚೆ ಉಟ್ಟು ಹುಣಸೂರಿನ ಬಜಾರೆಲ್ಲ ಸುತ್ತಿದರು. ಕೇಳಿದವರಿಗೆಲ್ಲ ಅಂಚು ಎತ್ತಿ ತೋರಿಸುವರು. "ಅಕ್ಸರ ಎಂಗ್ ಬಂದದೆ ನೋಡಿ! ಮೂರ್ ಸತಿ ಶಾಯಿ ಕುಡ್ಸಿರೋ ಅಳೇ ರಿಬ್ಬನ್ನು!"

ದೀಪಾವಳಿ ಮುಗಿದ ಮೇಲೆ ತೀರ್ಮಾನದ ದಿನ ಬಂತು. ಮ್ಯಾನೇಜರು ಹುಣಸೂರು ಆಫೀಸಿಗೆ ಬಂದರು. ಅಂಗಡಿಯಿಂದ ಹೊರಟಾಗಿನಿಂದ ನಾನು ಮಾವನಿಗೆ, "ಏನೂ ಮಾತಾಡಬೇಡಿ ಮಾವ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಜಪ ಮಾಡಿಕೊಂಡೇ ಬಂದಿದ್ದೆ. ಮಾವ ಹೂಂ ಅಂದಿದ್ದರು. ಮ್ಯಾನೇಜರು ಕರಾರಿನ ಕಾಗದವನ್ನೇ ಪ್ರಿಂಟಿಗೆ ಕೊಟ್ಟರು. ಪ್ರಿಂಟರು ಅರ್ಧ ಸಾಲು ಹೊಡೆದು ನಿಂತಿತು. ಎಲ್ಲರೂ ರೇಡಿಯೋಗೆ ಮಾಡುವ ಹಾಗೆ, ಮ್ಯಾನೇಜರು ಅದರ ತಲೆಯ ಮೇಲೆ ಫಟಾರೆಂದು ಒಂದು ಬಿಟ್ಟರು.

ಮಾವ ಮಾತಾಡಲಿಲ್ಲ. ಕೊಟ್ಟ ಮಾತಿಗೆ ತಪ್ಪುವವರಲ್ಲ! ಎದ್ದು ಹೊರಗೆ ಹೋದರು. ಮರುಕ್ಷಣ ಬಾಗಿಲಾಚೆ ಡಬ್ ಡಬ್ ಎಂದು ಸದ್ದು. ಓಡಿಹೋಗಿ ನೋಡಿದರೆ ಮ್ಯಾನೇಜರ ಜೀಪಿನ ಬಾನೆಟ್ಟಿಗೆ ಮಾವ ಎರಡೂ ಕೈಯಲ್ಲಿ ಬಾರಿಸುತ್ತಿದ್ದಾರೆ!

"ಏಯ್! ಏನ್ರೀ ಮಾಡ್ತಿದ್ದೀರಾ?"

"ರಿಪೇರಿ ಸಾರ್" ಅಂದರು ಮಾವ.

ಮ್ಯಾನೇಜರ ಮುಖ ಆಯುಧಪೂಜೆಯ ಕುಂಬಳಕಾಯಿಯ ಒಳಗಿನ ಹಾಗೆ ಕೆಂಪಾಯಿತು. ನನ್ನ ಕಡೆ ತಿರುಗಿ ಹೇಳಿದರು: "ದೂರು ಬಂದಿದ್ರೂ, ನಾಲ್ಕು ಕಡೆಯವರೂ ಇಲ್ಲಿವರೆಗೆ ಮಿಷನ್ನು ಕೆಟ್ಟಿಲ್ಲ ಅಂತಾನೇ ಹೇಳಿದ್ದಾರೆ. ಕರಾರು ಕೊಡ್ತೀನಿ. ಆದ್ರೆ ನಿನ್ನ ಹೆಸರಿಗೆ. ಈ ಯಜಮಾನರು ಇನ್ನು ಮೇಲೆ ನಮ್ಮ ಯಾವ ಆಫೀಸಿನ ಒಳಗೂ ಕಾಲಿಡಕೂಡದು. ಒಪ್ಪಿಗೆ ಇದ್ದರೆ ಸಹಿ ಹಾಕು."

ನಾನು ಕುಣಿಯಬೇಕಿತ್ತು. ಆದರೆ ಎಲ್ಲಿತ್ತೋ ಸಿಟ್ಟು! ಇಷ್ಟು ದಿನ ಮಾವನ ಮೇಲೆ ಇದ್ದದ್ದೆಲ್ಲ ಒಟ್ಟಿಗೇ ಮ್ಯಾನೇಜರ ಕಡೆ ತಿರುಗಿತು. ನಮ್ಮ ಮಾವನಿಗೆ ಬಾಗಿಲು ಹಾಕಲು ಇವರು ಯಾರು? ಮಾವನನ್ನು ಬೈಯುವ ಹಕ್ಕೇನಿದ್ದರೂ ನನ್ನದು! "ಅಂಗಾದ್ರೆ ನಮ್ಗೆ ನಿಮ್ಮ ಕರಾರೇ ಬ್ಯಾಡ ಸಾ..." ಅನ್ನುವಷ್ಟರಲ್ಲಿ ಮಾವ ನನ್ನ ಕಾಲು ತುಳಿದರು. ಎಷ್ಟು ಜೋರಾಗಿ ಎಂದರೆ, ಉಳಿದ ಮಾತು ಹೆಬ್ಬೆರಳಿನಲ್ಲೇ ನಿಂತುಹೋಯಿತು.

"ಬರ್ಕಳಿ ಸಾರ್. ಇವನ ಹೆಸ್ರಿಗೇ ಬರ್ಕಳಿ. ನಾನು ಒಳೀಕೆ ಬರಾಕಿಲ್ಲ" ಅಂದರು. ಮಾವ ಗಿರಾಕಿಯ ಮಾತಿಗೆ ಹೂಂ ಅಂದದ್ದನ್ನು ನಾನು ಅದೇ ಮೊದಲು ಕಂಡದ್ದು.

ದಾರಿಯುದ್ದಕ್ಕೂ ನಾನು ಕೂಗಾಡಿದೆ. "ಯಾಕೆ ಒಪ್ಪಿದಿರಿ ಮಾವ? ನಿಮಗೆ ಮಾನ ಮರ್ಯಾದೆ ಇಲ್ವಾ?"

"ಸುಮ್ಕೆ ನಡೀಲಾ. ನಾನ್ ಓಗ್ನಿಲ್ಲ ಅಂದ್ರೆ ಏನಾಯ್ತದೆ? ಅವುನ್ನ ನೋಡ್ಕಳಕೆ ಒಬ್ಬ ಬೇಕು, ನಿಂಗೆ ಒಂದ್ ಕೆಲ್ಸ ಬೇಕು. ಒಳೀಕೆ ನೀನ್ ಓಗು. ಸ್ಕೂಟ್ರು ನಾನು ಓಡುಸ್ತೀನಿ." ಹಾಗೆನ್ನುತ್ತಾ ತಮ್ಮ ಅಂಗಿಯ ಜೇಬಿನಲ್ಲಿ ಸದಾ ಇರುತ್ತಿದ್ದ ಸ್ಕ್ರೂಡ್ರೈವರನ್ನು ತೆಗೆದು, ಒರೆಸಿ, ನನ್ನ ಜೇಬಿಗೆ ಸಿಕ್ಕಿಸಿದರು.

ಕರಾರಾದ ಮೇಲೆ ಮೊದಲು ಹೋದದ್ದು ಪಿರಿಯಾಪಟ್ಟಣಕ್ಕೆ. ಮಾವ ಗೇಟಿನ ಆಚೆ ಹೊಂಗೆ ಮರದ ಕೆಳಗೆ ಸ್ಕೂಟರು ನಿಲ್ಲಿಸಿದರು. ಒಂದು ಹೆಜ್ಜೆಯನ್ನೂ ಈಚೆ ಇಡಲಿಲ್ಲ. ನಾನು ಒಳಗೆ ಹೋಗಿ ಪ್ರಿಂಟರು ಬಿಚ್ಚಿ, ಧೂಳು ತೆಗೆದು, ಮತ್ತೆ ಜೋಡಿಸಿದೆ. ತಲೆ ಎತ್ತಿದಾಗೆಲ್ಲ ಕಿಟಕಿಯ ಗಾಜಿನಾಚೆ ಮಾವ ಕಾಣುತ್ತಿದ್ದರು. ಫಳಫಳ ಹೊಳೆಯುತ್ತಿದ್ದ ಸ್ಕೂಟರಿನ ಕನ್ನಡಿಯನ್ನು ಮತ್ತೆ ಮತ್ತೆ ಒರೆಸುತ್ತಿದ್ದರು.

ನಾನು ಪ್ರಿಂಟರಿದ್ದ ಮೇಜನ್ನು ದರದರ ಎಳೆದು ಕಿಟಕಿಯ ಪಕ್ಕಕ್ಕೆ ತಂದು, ಅದರ ಎರಡೂ ಬಾಗಿಲು ತೆರೆದೆ.

"ಯಾಕಪ್ಪ, ಧೂಳು ಬತ್ತದಲ್ಲ?" ಅಂದರು ಅಲ್ಲಿನ ಗುಮಾಸ್ತರು.

"ಒಸಿ ಗಾಳಿ ಆಡ್ಲಿ ಸಾರ್."

ಪ್ರಿಂಟ್ ಒತ್ತಿದೆ. ಕರ್ರ್ ಎಂದು ಸದ್ದು ಹೊರಗೆ ಹೋಯಿತು. ಕನ್ನಡಿ ಒರೆಸುತ್ತಿದ್ದ ಕೈ ನಿಂತಿತು. ಆಮೇಲೆ ಬಂತು ನೋಡಿ, ಇಡೀ ಬೀದಿ ತಿರುಗಿ ನೋಡುವಂಥ ಕೂಗು:

"ಲೇ! ಎಡಗಡೆ ಕಾಗ್ದ ಬಿಗಿಯಾಯ್ತು ಕಣ್ಲಾ! ಒಸಿ ಸಡ್ಲ ಬುಡು!"

"ಯಾರಪ್ಪ ಅದು ಅರಚ್ತಿರೋದು?"

"ನಮ್ಮ ಮಾವ ಸಾರ್."

"ಅವ್ರು ಒಳಗೆ ಬರಂಗಿಲ್ಲ ಅಂತ ಆರ್ಡರ್ ಬಂದದಲ್ಲಯ್ಯ?"

"ಅವ್ರೆಲ್ಲಿ ಬಂದವ್ರೆ ಸಾರ್? ಮಾತು ಬಂದದೆ, ಅಷ್ಟೆ."

ಗುಮಾಸ್ತರು ನಕ್ಕು ತಮ್ಮ ಕೆಲಸ ನೋಡಿಕೊಂಡರು. ಕಾಗದ ಬಿಗಿಯಾಗಿರಲಿಲ್ಲ, ನಿಜ ಹೇಳಬೇಕೆಂದರೆ ಸರಿಯಾಗಿಯೇ ಇತ್ತು. ಆದರೂ ಒಂದು ಕೂದಲೆಳೆ ಸಡಿಲ ಬಿಟ್ಟು, "ಸಡ್ಲ ಮಾಡ್ದೆ ಮಾವ! ಈಗ?" ಎಂದು ಕೂಗಿದೆ.

"ಆಂ, ಈಗ ಸರ್ಯಾಯ್ತು! ನಡುಸ್ಲಾ!"

ನಡೆಸಿದೆ. ಯಾರಿಗೂ ಬೇಕಿಲ್ಲದ, ಹೋದ ವರ್ಷದ ಬೀಜದ ದರಪಟ್ಟಿಯೊಂದು ಕಂಪ್ಯೂಟರಿನಲ್ಲಿತ್ತು. ಇದ್ದದ್ದರಲ್ಲಿ ಅದೇ ಉದ್ದ. ಅದನ್ನು ಪೂರ್ತಿ ಪ್ರಿಂಟ್ ಹಾಕಿದೆ. ಅದು ಮುಗಿಯುವವರೆಗೂ ಮಾವ ಮರದ ಕೆಳಗೆ ಸ್ಕೂಟರಿಗೆ ಒರಗಿ, ಕಣ್ಣು ಮುಚ್ಚಿಕೊಂಡು ನಿಂತಿದ್ದರು.