ಪಿಶವಿಯ ಬಾಯಿ

ನಮ್ಮ ಮನೆಯಲ್ಲಿ ನಗು ಬರುವಂಥದ್ದೆಲ್ಲ ನಗಬಾರದ ಹೊತ್ತಿನಲ್ಲೇ ನಡೆಯುತ್ತದೆ. ಮಗಳು ಚೊಚ್ಚಲ ಹೆರಿಗೆಗೆಂದು ಯೆಣೆಗೂರಿಗೆ ಬಂದಾಗಲೂ ಹಾಗೇ ಆಯಿತು. ಅವಳ ತಾಯಿ, ನನ್ನ ಹೆಂಡತಿ, ಎರಡನೆಯ ಹೆರಿಗೆಗೆ ಆಸ್ಪತ್ರೆಗೆ ಹೋದವಳು ಮರಳಲಿಲ್ಲ, ಕೂಸೂ ಉಳಿಯಲಿಲ್ಲ. ಆಗ ಮಗಳು ಸಣ್ಣವಳು. ಆ ಮಾತನ್ನು ನಾನು ಎತ್ತಲಿಲ್ಲ, ಅವಳೂ ಕೇಳಲಿಲ್ಲ. ಈಗ ಹೊಟ್ಟೆ ಬೆಳೆದಂತೆ ಅವಳ ಊಟ, ಮಾತು ಎರಡೂ ಕಡಿಮೆಯಾದವು. ತಾನೂ ಹಾಗೇ ಹೋಗುತ್ತೇನೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡುಬಿಟ್ಟಿದ್ದಳು.

ಧೈರ್ಯ

ತಾಯಿಯಿಲ್ಲದ ಹುಡುಗಿ ಎಂದು ಓಣಿಯ ಹೆಂಗಸರು ಧೈರ್ಯ ಹೇಳಲು ಬರುತ್ತಿದ್ದರು. ಪಕ್ಕದ ಮನೆಯಾಕೆ ಒಂದು ದಿನ ಚಹಾ ಕುಡಿಯುತ್ತ ಹೇಳಿದಳು:

“ಹೆದರಬ್ಯಾಡವಾ. ಹೆರಿಗಿ ಅಂದ್ರ ಏನಿಲ್ಲ. ನಮ್ಮ ನಾದಿನಿ ಮೂರು ದಿನ ಬ್ಯಾನಿ ತಿಂದಳು. ಮಾರಿ ಹಿಟ್ಟಿನಂಗ ಬೆಳ್ಳಗ ಆಗಿತ್ತು. ಮಂದಿ ಎಲ್ಲಾ ಅಳ್ಳಾಕ ಸುರು ಮಾಡಿದ್ರು. ಈಗ ನೋಡು, ಆರಾಮ ಅದಾಳ.”

“ಖರೇ ಆರಾಮ ಅದಾರ?” ಮಗಳು ಮೊದಲ ಸಲ ತಲೆಯೆತ್ತಿ ಕೇಳಿದಳು.

“ಖರೇನವಾ. ಎದ್ದು ಕುಂದರಲಾಕ ಬರಲ್ಲ, ಅಷ್ಟ.”

ಗುಂಡುಪಿನ್ನು

ನನಗೆ ಗೊತ್ತಿರುವುದು ಓದುವುದೊಂದೇ. ಉಮರ್ಗಾದಿಂದ ಹೆರಿಗೆಯ ಕುರಿತ ಪುಸ್ತಕವೊಂದನ್ನು ತಂದೆ. ಮಗಳ ಕೈಗೆ ಕೊಡುವ ಮೊದಲು ನಾನೇ ಓದಿ, ಹೆದರಿಕೆ ಹುಟ್ಟಿಸುವ ಪುಟಗಳನ್ನೆಲ್ಲ ಸೇರಿಸಿ ಗುಂಡುಪಿನ್ನು ಚುಚ್ಚಿದೆ. ಕೊನೆಗೆ ತೆರೆದು ಉಳಿದದ್ದು ಮುನ್ನುಡಿ, ಮತ್ತೆ ಕೈ ತೊಳೆಯುವ ಬಗೆ.

ಮಗಳು ಪಿನ್ನು ಚುಚ್ಚಿದ ಪುಟಗಳನ್ನಷ್ಟೇ ಓದಿದಳು.

ನೀರು

ತಪಾಸಣೆಯ ದಿನ ಉಮರ್ಗಾದ ಆಸ್ಪತ್ರೆಗೆ ಬೀಗತಿಯೂ ಮಾಕಣಿಯಿಂದ ಬಂದಿದ್ದರು. ಅವರದು ಕುರಿ ಸಾಕುವ ಮನೆತನ. ಮಾತೂ ಬಯಲಲ್ಲಿ ಕುರಿ ಕರೆದ ಹಾಗೆ ಜೋರು. ಡಾಕ್ಟರಬಾಯಿ ಸ್ಕ್ಯಾನಿಂಗಿನ ತೆರೆಯ ಮೇಲೆ ನೋಡುತ್ತ, ಕೂಸಿನ ಸುತ್ತಲಿನ ನೀರಿನ ಬಗ್ಗೆ, “ಪಾಣೀ ಕಮೀ ಆಹೇ” ಎಂದು ಮರಾಠಿಯಲ್ಲಿ ಹೇಳಿದರು.

ಬೀಗತಿ ಎದ್ದು ನಿಂತರು. “ನಮ್ಮ ಮನ್ಯಾಗ ಅಲ್ರೀ ಬಾಯಿ! ನಮ್ಮದು ಡ್ಯಾಮಿನ ದಂಡಿಗೇ ಅದ. ನೀರು ಕಮ್ಮಿ ಇರೋದು ಇವರ ಯೆಣೆಗೂರಾಗ!”

ಬಸ್ ನಿಲ್ದಾಣದಲ್ಲಿ ಮಗಳು ಮೆಲ್ಲಗೆ ಕೇಳಿದಳು: “ಅಪ್ಪಾ, ಅವ್ವಗೂ ನೀರ ಕಮ್ಮಿ ಇತ್ತೇನು?”

“ಇಲ್ಲ.”

“ಮತ್ತ?”

“ರಕ್ತ ನಿಂದರಲಿಲ್ಲ.”

ಬಸ್ಸು ಬಂತು. ಹತ್ತಿದೆವು.

ಮರುವಾರ ಬೀಗತಿ ಸೊಂಟದ ಮೇಲೆ ಕ್ಯಾನು ಹೊತ್ತು ಮನೆಗೇ ಬಂದರು. “ತಗೋರಿ ಬೀಗರ, ಡ್ಯಾಮಿನ ನೀರು. ನಿಮ್ಮ ಬೋರಿನ ನೀರು ಹೊಟ್ಟ್ಯಾಗ ನಿಂದರಂಗಿಲ್ಲ.”

ಪಿಶವಿ

ಉಮರ್ಗಾದ ಆಸ್ಪತ್ರೆಯಲ್ಲಿ ಮಗಳನ್ನು ಒಳಗೆ ಒಯ್ದರು. ಹೊರಗೆ ಬೆಂಚಿನ ಮೇಲೆ ನಾನು, ಅಳಿಯ. ನಮ್ಮ ನಡುವೆ ಬೀಗತಿ ಕಟ್ಟಿಕೊಟ್ಟ ಬಟ್ಟೆಯ ಚೀಲ; ನಮ್ಮ ಕಡೆ ಅದಕ್ಕೆ ಪಿಶವಿ ಅನ್ನುತ್ತಾರೆ. ಅದರಲ್ಲಿ ಕೂಸಿಗೆ ಮೆತ್ತನೆಯ ಹಳೆ ಸೀರೆಯ ತುಂಡು, ಕುಂಚಿಗೆ, ಬೀರಪ್ಪ ದೇವರ ಭಂಡಾರದ ಅರಿಸಿನ. ದೃಷ್ಟಿ ತಾಗಬಾರದೆಂದು ಅದರ ಬಾಯಿಗೆ ಕರಿ ಉಣ್ಣೆಯ ಹುರಿ ಬಿಗಿದಿದ್ದರು.

ಮಧ್ಯಾಹ್ನ ನರ್ಸ್ ಬಾಗಿಲು ಅರೆ ತೆರೆದು ಹೇಳಿದಳು: “ಪಿಶವೀಚ ತೋಂಡ ಅಜೂನ ಉಘಡಲ ನಾಹೀ.” ಪಿಶವಿಯ ಬಾಯಿ ಇನ್ನೂ ತೆರೆದಿಲ್ಲ.

ಅಳಿಯ ಗಾಬರಿಯಾಗಿ ಪಿಶವಿಗೆ ಕೈ ಹಾಕಿದ. ಇಷ್ಟೆಲ್ಲ ಓದಿಕೊಂಡ ನಾನು ಅದು ಜಾರದಂತೆ ಎರಡೂ ಕೈಯಿಂದ ಹಿಡಿದುಕೊಂಡೆ. ಅವನು ಹಲ್ಲು ಹಚ್ಚಿ ಗಂಟು ಬಿಚ್ಚಿ ಕೂಗಿದ: “ಉಘಡಲ, ಸಿಸ್ಟರ್! ಉಘಡಲ!”

“ಅಯ್ಯ, ಈ ಪಿಶವಿ ಅಲ್ರೀ!” ನರ್ಸ್ ಕನ್ನಡಕ್ಕೆ ಹೊರಳಿದಳು. “ಆಕಿ ಹೊಟ್ಟ್ಯಾಗಿನ ಪಿಶವಿ, ಗರ್ಭದ್ದು!”

ಒಳಗಿನಿಂದ ಮಗಳ ನಗು ಕೇಳಿಸಿತು. ತಿಂಗಳುಗಟ್ಟಲೆ ಕೇಳಿರದ ನಗು. ಅದು ನಡುವೆಯೇ ನೋವಿನ ಚೀರಾಟವಾಯಿತು. “ನಗಬ್ಯಾಡ, ಉಸಿರು ತಗೋ!” ಎಂದು ನರ್ಸ್ ಬೈದು ಬಾಗಿಲು ಹಾಕಿಕೊಂಡಳು.

ಅಳಿಯನಿಗೆ ಎಷ್ಟು ನಾಚಿಕೆಯಾಯಿತೆಂದರೆ ಪಿಶವಿಯ ಬಾಯಿಗೆ ಗಂಟಿನ ಮೇಲೆ ಗಂಟು ಹಾಕುತ್ತಲೇ ಹೋದ. ನಾನು ಬಾಗಿಲು ನೋಡುತ್ತಿದ್ದೆ. ಒಳಗೆ ಚೀರಾಟ ನಿಂತಿತು. ಹಿಂದೊಮ್ಮೆ ಇಂಥದೇ ಬಾಗಿಲ ಹೊರಗೆ ಇಂಥದೇ ಮೌನದಲ್ಲಿ ಕೂತಿದ್ದೆ. ಈ ಸಲ ಕೂಸು ಅತ್ತಿತು. ಆದರೂ ನಾನು ಏಳಲಿಲ್ಲ.

ನರ್ಸ್ ಬಂದಳು. “ಹೆಣ್ಣು.”

“ರಕ್ತ?” ಎಂದೆ.

“ನಿಂತದ್ರೀ. ತಾಯಿ ಛಲೋ ಅದಾಳ. ಕೂಸಿಗಿ ಬಟ್ಟಿ ಕೊಡ್ರಿ, ಲಗೂನ. ಈಗ ಈ ಪಿಶವಿನೇ!”

ಅಳಿಯ ಉಗುರು ಹಚ್ಚಿದ, ಹಲ್ಲು ಹಚ್ಚಿದ. ನಾನೂ ಎಳೆದೆ. ಗಂಟು ಜಗ್ಗಲಿಲ್ಲ. ನರ್ಸ್ ಒಳಗೆ ಹೋಗಿ ಕತ್ತರಿ ತಂದು ಹುರಿ ಕತ್ತರಿಸಿದಳು.

“ಪೋರಿದು ನಾರ್ಮಲ್ ಆಯ್ತು. ಇದರದ ಸೀಝರ್ ಮಾಡೋದು ಬಂತು ನೋಡ್ರಿ!”